ಕೀಲಿಕೈಯೇ ಇಲ್ಲದ ವಿಳಾಸಕ್ಕೆ ಹತ್ತು ಕೋಟಿ: ಕಳಿಸಿದವರು ಯಾರು, ಯಾಕೆ?

ಹಾಸನದ ಕ್ಯಾಶಿಯರ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳು, ಹತ್ತೊಂಬತ್ತು ವರ್ಷದಿಂದ. ಕ್ರಿಪ್ಟೋ ಕೊಂಡವಳಲ್ಲ, ಕೊಳ್ಳುವ ಆಲೋಚನೆಯೂ ಇಲ್ಲ. ಆದರೆ ಮೊನ್ನೆ ಊಟಕ್ಕೆ ಕೂತಾಗ ತಮ್ಮನ ಮಗ ಒಂದು ವಿಷಯ ಹೇಳಿದ, ಅವತ್ತಿನಿಂದ ತಲೆ ಕೊರೀತಾ ಇದೆ.

2024ರ ಜನವರಿ 5ರಂದು ಯಾರೋ 26.9 ಬಿಟ್‌ಕಾಯಿನನ್ನು ಅದನ್ನು ಹುಟ್ಟುಹಾಕಿದ, ಯಾರೆಂದೇ ಗೊತ್ತಿಲ್ಲದ ಸತೋಶಿ ನಾಕಾಮೊಟೊನ ಮೊಟ್ಟಮೊದಲ ವಿಳಾಸಕ್ಕೆ (ನಮ್ಮ ಖಾತೆ ಸಂಖ್ಯೆ ಥರದ್ದು) ಕಳಿಸಿದ್ದಾರಂತೆ. ಆ ದಿನದ ದರದಲ್ಲಿ ಹನ್ನೊಂದು ಲಕ್ಷ ಡಾಲರಿಗೂ ಮೇಲೆ, ನಮ್ಮ ಲೆಕ್ಕದಲ್ಲಿ ಹತ್ತು ಕೋಟಿ ರೂಪಾಯಿಗೆ ಸ್ವಲ್ಪ ಕಡಿಮೆ. ಆ ವಿಳಾಸದಲ್ಲಿರುವ ಹಣವನ್ನು ಖರ್ಚು ಮಾಡೋಕೇ ಆಗಲ್ಲ ಅಂತಾನೆ ಹುಡುಗ. ಇಂಥ ವಿಳಾಸಗಳು ಇನ್ನೂ ಬೇಕಾದಷ್ಟಿವೆ, ಅವಕ್ಕೂ ಜನ ಕಳಿಸ್ತಾನೇ ಇರ್ತಾರೆ ಅಂತಾನೆ.

ನಮ್ಮಲ್ಲಿ ಸಂಜೆ ಹತ್ತು ರೂಪಾಯಿ ಲೆಕ್ಕ ತಪ್ಪಿದರೆ ಎಂಟು ಗಂಟೆಯವರೆಗೆ ಕಟ್ಟು ಬಿಚ್ಚಿ ಎಣಿಸಿದ್ದೀವಿ. ಹರಿದ, ಕೊಳೆಯಾದ ನೋಟನ್ನೂ ಹಾಗೇ ಎಸೆಯೋದಿಲ್ಲ. ಅದು ರಿಸರ್ವ್ ಬ್ಯಾಂಕಿಗೆ ಹೋಗಿ, ಅಲ್ಲಿ ಯಂತ್ರದಲ್ಲಿ ಎಣಿಕೆಯಾಗಿ, ಪರೀಕ್ಷೆಯಾಗಿ, ಆಮೇಲೆ ಚೂರಾಗಿ ಇಟ್ಟಿಗೆ ಥರ ಒತ್ತಲ್ಪಡುತ್ತೆ. ಹೊಳೆಗೆ ಹಾಕಿದರೂ ಅಳೆದು ಹಾಕು ಅಂತ ನಮ್ಮಜ್ಜಿ ಹೇಳೋಳು. ಇಲ್ಲಿ ಯಾರೋ ಅಳೆದೇ ಹಾಕಿದ್ದಾರೆ, ಇಡೀ ಪ್ರಪಂಚಕ್ಕೆ ಕಾಣೋ ಹಾಗೆ. ಯಾಕೆ? ಅದು ಪಾಪದ ದುಡ್ಡಾ, ಹರಕೆಯಾ, ಕೈತಪ್ಪಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ತುಮಕೂರು ಟ್ರೇಡರ್

ಮೇಡಂ, ನನಗನಿಸೋದು ಎರಡೇ. ಒಂದು, ಕಪ್ಪುಹಣ ತೊಳೆಯೋ ದಾರಿ. ಎರಡು, ನಾಣ್ಯ ಸುಟ್ಟರೆ, ಅಂದರೆ ಯಾರೂ ತೆಗೆಯೋಕಾಗದ ವಿಳಾಸಕ್ಕೆ ಹಾಕಿದರೆ, ಉಳಿದದ್ದರ ಬೆಲೆ ಏರುತ್ತೆ, ಹಾಗಾಗಿ ದೊಡ್ಡ ಕುಳಗಳು ಬೇಕಂತಲೇ ಮಾಡ್ತಾರೆ. ಅದೇ ಜನವರಿ 10ರಂದು ಅಮೆರಿಕದಲ್ಲಿ ಬಿಟ್‌ಕಾಯಿನ್ ಇಟಿಎಫ್‌ಗೆ (ಷೇರುಪೇಟೆಯಲ್ಲಿ ಕೊಳ್ಳೋ ನಿಧಿಗೆ) ಒಪ್ಪಿಗೆ ಸಿಕ್ಕಿತು. ಐದು ದಿನ ಮುಂಚೆ ಸತೋಶಿ ಹೆಸರು ಸುದ್ದಿಯಾಗೋದು ಸುಮ್ಮನೆ ಅಲ್ಲ.

ನೋಡ್‌ಮನೆ ಮೈಸೂರು

ಮೇಡಂ, ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು. ಕೆಲಸದಿಂದ ನಾನು ಸಾಫ್ಟ್‌ವೇರ್ ಟೆಸ್ಟರ್. ಏಳು ವರ್ಷದಿಂದ ಮನೆಯಲ್ಲಿ ಬಿಟ್‌ಕಾಯಿನ್ ನೋಡ್ ನಡೆಸ್ತಾ ಇದ್ದೀನಿ, ಅಪ್ಪನ ಕೋಣೆಯ ಅಲಮಾರಿ ಮೇಲೆ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. 2009ರಿಂದ ಇವತ್ತಿನವರೆಗಿನ ಪ್ರತಿ ವಹಿವಾಟೂ ಅದರಲ್ಲಿದೆ. ರಾತ್ರಿ ಊಟ ಆದಮೇಲೆ ಅದರೊಳಗೆ ಹುಡುಕಾಡೋದು ನನ್ನ ಅಭ್ಯಾಸ. ಹಾಗಾಗಿ ಉದ್ದವಾಗಿ ಬರೀತೀನಿ, ಸಹಿಸಿಕೊಳ್ಳಿ.

ಈ ವಿಷಯ ಬಂದಾಗ ಎಲ್ಲರೂ 'ಯಾರು, ಯಾಕೆ' ಅಂತ ಶುರು ಮಾಡ್ತಾರೆ. ನಾನು ಮೊದಲು ಕೇಳೋದು ಬೇರೆ. ಬಾಗಿಲು ಯಾವ ಥರ ಮುಚ್ಚಿದೆ? ಬೀಗಕ್ಕೆ ಕೀಲಿಕೈಯನ್ನೇ ಯಾರೂ ಮಾಡಿಲ್ಲವಾ? ಬೀಗದ ಜಾಗದಲ್ಲಿ ಗೋಡೆ ಎದ್ದಿದೆಯಾ? ಅಥವಾ ಕೀಲಿಕೈ ಯಾರದೋ ಜೇಬಲ್ಲಿದ್ದು ನಮಗೆ ಗೊತ್ತಿಲ್ಲ ಅಷ್ಟೇನಾ? ಮೂರನ್ನೂ ಒಂದೇ ಹೆಸರಿನಿಂದ ಕರೆದು ಊಹೆ ಮಾಡೋಕೆ ಹೊರಟರೆ ದಾರಿ ತಪ್ಪುತ್ತೆ.

ಮೊದಲನೇ ಥರಕ್ಕೆ ಎಲ್ಲಕ್ಕಿಂತ ಚೆನ್ನಾದ ಉದಾಹರಣೆ 'ಬಿಟ್‌ಕಾಯಿನ್ ಈಟರ್' ವಿಳಾಸ. ಬಿಟ್‌ಕಾಯಿನ್ ವಿಳಾಸ ಅಂದರೆ ಸಾಮಾನ್ಯವಾಗಿ ಅರ್ಥವಿಲ್ಲದ ಅಕ್ಷರಗಳ ಸಾಲು. ಇದು ಮಾತ್ರ ಇಂಗ್ಲಿಷಿನಲ್ಲಿ ಓದೋಕೆ ಬರುತ್ತೆ. ಮೊದಲು ಒಂದು 1, ಆಮೇಲೆ 'ಬಿಟ್‌ಕಾಯಿನ್ ಈಟರ್ ಅಡ್ರೆಸ್ ಡೋಂಟ್ ಸೆಂಡ್' ಅಂತ ಇಪ್ಪತ್ತೇಳು ಅಕ್ಷರ, ಕೊನೆಗೆ ಆರು ಅಕ್ಷರ: ಸಣ್ಣ ಎಫ್, 5, 9, ಸಣ್ಣ ಕೆ, ಸಣ್ಣ ಯು, ದೊಡ್ಡ ಇ. ಒಟ್ಟು ಮೂವತ್ತನಾಲ್ಕು.

ಆ ಕೊನೆಯ ಆರು ಅಕ್ಷರವನ್ನು ದಯವಿಟ್ಟು ಗಮನಿಸಿ. ಇಪ್ಪತ್ತೇಳು ಅಕ್ಷರವೂ ಓದೋ ಹಾಗಿದ್ದು ಕೊನೇದು ಮಾತ್ರ ಯಾಕೆ ಗೊಂದಲ? ಅದು ಚೆಕ್‌ಸಮ್, ಅಂದರೆ ತಾಳೆ ನೋಡೋ ಅಂಕಿ. ವಿಳಾಸದ ಮೊದಲ ಭಾಗವನ್ನು ಒಂದು ಲೆಕ್ಕಕ್ಕೆ ಎರಡು ಸಲ ಹಾಕಿ, ಬಂದ ಉತ್ತರದ ಮೊದಲ ತುಣುಕನ್ನು ಹಿಂದೆ ಅಂಟಿಸ್ತಾರೆ. ನೀವು ವಿಳಾಸ ಬರೆಯುವಾಗ ಒಂದು ಅಕ್ಷರ ತಪ್ಪಿದರೆ ವಾಲೆಟ್ ಒಪ್ಪೋದಿಲ್ಲ, ಅದು ಈ ತಾಳೆಯಿಂದಲೇ. ಅಂದರೆ ಯಾರೋ ಮೊದಲು ಬೇಕಾದ ಮಾತು ಬರೆದು, ಆಮೇಲೆ ಅದಕ್ಕೆ ತಾಳೆಯಾಗೋ ಬಾಲ ಹುಡುಕಿ ಸೇರಿಸಿದ್ದಾರೆ. ನಿಜವಾದ ವಿಳಾಸ ಹುಟ್ಟೋದು ಹೀಗಲ್ಲ. ಮೊದಲು ಪ್ರೈವೇಟ್ ಕೀ (ಹಣ ತೆಗೆಯೋ ಗುಟ್ಟಿನ ಸಂಖ್ಯೆ, ಅದೇ ಕೀಲಿಕೈ), ಅದರಿಂದ ಪಬ್ಲಿಕ್ ಕೀ (ಎಲ್ಲರಿಗೂ ತೋರಿಸಬಹುದಾದ ಅದರ ಜೋಡಿ), ಅದರ ಹ್ಯಾಶ್ (ಲೆಕ್ಕ ಹಾಕಿ ಪಡೆದ ಗುರುತಿನ ಸಂಖ್ಯೆ), ಕೊನೆಗೆ ವಿಳಾಸ. ಈ ದಾರಿಯಲ್ಲಿ ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರೋಕಾಗಲ್ಲ.

'ಅದೃಷ್ಟವಶಾತ್ ಯಾರಿಗಾದರೂ ಆ ಕೀ ಸಿಕ್ಕಿರಬಹುದಲ್ಲ' ಅಂತ ಒಬ್ಬರು ನನ್ನ ಹತ್ತಿರ ವಾದಿಸಿದ್ದರು. ಹಾಗಾಗಿ ನಾನೇ ಮಾಡಿ ನೋಡಿದೆ. 1ರ ಮುಂದೆ 'ಕಾವೇರಿ' ಅನ್ನೋ ಇಂಗ್ಲಿಷ್ ಆರು ಅಕ್ಷರದಿಂದ ಶುರುವಾಗೋ ವಿಳಾಸ ಬೇಕು ಅಂತ ಕಂಪ್ಯೂಟರಿಗೆ ಹೇಳಿದೆ. ಮೂರು ಅಕ್ಷರ ಹೊಂದೋದು ರೆಪ್ಪೆ ಬಡಿಯೋದ್ರೊಳಗೆ ಬಂತು. ಐದು ಅಕ್ಷರಕ್ಕೆ ಕಾಫಿ ಕುಡಿದು ಬಂದೆ. ಆರಕ್ಕೆ ರಾತ್ರಿಯೆಲ್ಲ ಫ್ಯಾನ್ ಸದ್ದು ಮಾಡ್ತಾ ಇತ್ತು, ಬೆಳಿಗ್ಗೆ ಸಿಕ್ಕಿತು. ಒಂದೊಂದು ಅಕ್ಷರ ಹೆಚ್ಚಾದಾಗಲೂ ಕೆಲಸ ಐವತ್ತೆಂಟು ಪಟ್ಟು ಏರುತ್ತೆ. ಇಪ್ಪತ್ತೇಳು ಅಕ್ಷರಕ್ಕೆ ಅದನ್ನು ಗುಣಿಸಿ ನೋಡಿ. ಸೆಕೆಂಡಿಗೆ ಲಕ್ಷ ಕೋಟಿ ಕೀ ಪರೀಕ್ಷಿಸೋ ಯಂತ್ರ ಇದ್ದರೂ ವಿಶ್ವದ ಈಗಿನ ವಯಸ್ಸಿನ ಕೋಟಿ ಕೋಟಿ ಪಟ್ಟು ಸಮಯ ಸಾಲದು. ಆ ಬೀಗಕ್ಕೆ ಯಾರೂ ಕೀಲಿಕೈ ಮಾಡಿಲ್ಲ. ಅದು ನನ್ನ ನಂಬಿಕೆ ಅಲ್ಲ, ವಿಳಾಸವೇ ಕೊಡುತ್ತಿರೋ ಸಾಕ್ಷಿ.

ಇಂಥ ವಿಳಾಸಕ್ಕೆ ಹೋದ ಹಣದಲ್ಲಿ ಬಹುಪಾಲಿಗೆ ನಿಗೂಢ ಏನೂ ಇಲ್ಲ. 2014ರ ಜನವರಿಯಲ್ಲಿ ಕೌಂಟರ್‌ಪಾರ್ಟಿ ಅನ್ನೋ ಹೊಸ ವ್ಯವಸ್ಥೆ ಶುರುವಾಯಿತು. ಅದರ ಟೋಕನ್ (ಆ ವ್ಯವಸ್ಥೆಯ ಹೊಸ ನಾಣ್ಯ) ಬೇಕಾದವರು ಯಾರಿಗೂ ದುಡ್ಡು ಕೊಡುವಂತಿರಲಿಲ್ಲ, ಬಿಟ್‌ಕಾಯಿನ್ ಸುಡಬೇಕಿತ್ತು. ವಿಳಾಸದಲ್ಲಿ 'ಕೌಂಟರ್‌ಪಾರ್ಟಿ' ಅಂತ ಬರೆದು ಹಿಂದೆ ಹದಿನೈದು ಎಕ್ಸ್ ಹಾಕಿದ್ದರು. ಸುಮಾರು ಒಂದು ತಿಂಗಳಲ್ಲಿ 2,100ಕ್ಕೂ ಹೆಚ್ಚು ಬಿಟ್‌ಕಾಯಿನ್ ಅಲ್ಲಿಗೆ ಹೋಯಿತು. ನನಗೆ ಆ ನಿರ್ಧಾರದ ಮೇಲೆ ಗೌರವ ಇದೆ. ಹೊಸ ನಾಣ್ಯ ತರುವವರು ಜನರ ದುಡ್ಡು ಜೇಬಿಗಿಳಿಸಿ ಕಾಣೆಯಾಗೋ ಕಾಲದಲ್ಲಿ, ಕಟ್ಟಿದವರೂ ಕೊಂಡವರ ಥರವೇ ಸುಟ್ಟು ಪಡೆಯಬೇಕು ಅನ್ನೋದು ಸಣ್ಣ ಮಾತಲ್ಲ.

ಈಗ ಗೋಡೆಯ ಕಥೆ. 2011ರ ಅಕ್ಟೋಬರ್ 28, ಟೋಕಿಯೊದ ಮೌಂಟ್ ಗಾಕ್ಸ್. ಆಗ ಪ್ರಪಂಚದಲ್ಲೇ ದೊಡ್ಡ ಬಿಟ್‌ಕಾಯಿನ್ ಎಕ್ಸ್‌ಚೇಂಜ್ ಅದು. ಅವರ ಸಾಫ್ಟ್‌ವೇರಿನ ದೋಷದಿಂದ 2,609 ಬಿಟ್‌ಕಾಯಿನ್ ಹಾಳಾಯಿತು. ಪಡೆಯುವವರ ಕೀಯ ಹ್ಯಾಶ್ ಇರಬೇಕಾದ ಜಾಗ ಖಾಲಿ ಉಳಿದಿತ್ತು. ಖರ್ಚು ಮಾಡಬೇಕಾದರೆ 'ನನ್ನ ಕೀಯ ಹ್ಯಾಶ್ ಇದಕ್ಕೆ ಸಮ' ಅಂತ ತೋರಿಸಬೇಕು. ಖಾಲಿಗೆ ಸಮನಾದ ಹ್ಯಾಶ್ ಯಾವ ಕೀಗೂ ಬರಲ್ಲ. ಸತೋಶಿಯೇ ಬಂದರೂ ಅದನ್ನು ತೆಗೆಯೋಕಾಗಲ್ಲ. ಆ ವಹಿವಾಟುಗಳನ್ನು ನನ್ನ ನೋಡಿನಲ್ಲಿ ತೆರೆದು ನೋಡಿದ್ದೀನಿ. ಇಪ್ಪತ್ತು ಬೈಟ್ ಇರಬೇಕಾದಲ್ಲಿ ಒಂದು ಸೊನ್ನೆ. ಟೆಸ್ಟಿಂಗ್ ಕೆಲಸ ಮಾಡುವವನಾಗಿ ಆ ಸೊನ್ನೆ ಕಂಡಾಗ ಹೊಟ್ಟೆ ಕಿವುಚಿದಂತಾಯಿತು. ಆ ಜಾಗ ಖಾಲಿಯಿದೆಯಾ ಅಂತ ಕೇಳೋ ಒಂದು ಸಾಲು ಕೋಡ್ ಸಾಕಿತ್ತು.

ಇನ್ನು ನಿಮ್ಮ 26.9. ಸತೋಶಿಯ ಮೊದಲ ವಿಳಾಸದ ಬಗ್ಗೆ ನಿಮ್ಮ ತಮ್ಮನ ಮಗ ಹೇಳಿದ್ದರಲ್ಲಿ ಅರ್ಧ ಸರಿ. 2009ರ ಜನವರಿ 3ರ ಮೊದಲ ಬ್ಲಾಕಿನಲ್ಲಿ (ಬ್ಲಾಕ್ ಅಂದರೆ ವಹಿವಾಟುಗಳ ಒಂದು ಕಟ್ಟು) ಹುಟ್ಟಿದ 50 ನಾಣ್ಯ ಖರ್ಚಾಗಲ್ಲ. ಆ ವಹಿವಾಟು ಖರ್ಚು ಮಾಡಬಹುದಾದ ನಾಣ್ಯಗಳ ಪಟ್ಟಿಗೆ ಸೇರದ ಹಾಗೆ ಪ್ರೋಗ್ರಾಂ ಇದೆ. ಆದರೆ ಆಮೇಲೆ ಆ ವಿಳಾಸಕ್ಕೆ ಜನ ಕಳಿಸಿದ್ದು ಮಾಮೂಲಿ ಹಣ. ಕೀ ಸತೋಶಿಯ ಹತ್ತಿರ ಇದ್ದರೆ ನಾಳೆ ಬೆಳಿಗ್ಗೆಯೇ ಖರ್ಚಾಗಬಹುದು. ಅಂದರೆ ಆ ಹತ್ತು ಕೋಟಿ ಹೊಳೆಗೆ ಬಿದ್ದಿಲ್ಲ, ಯಾರೂ ಕದ ತೆರೆಯದ ಒಂದು ಮನೆಯ ಕಿಟಕಿಯಿಂದ ಒಳಗೆ ಬಿದ್ದಿದೆ. ನನಗೆ ನಿಗೂಢ ಅನಿಸೋದು ಇದೊಂದೇ. ಉಳಿದವುಗಳ ಕಾರಣ ವಿಳಾಸದಲ್ಲೇ ಕಾಣುತ್ತೆ, ಇದರಲ್ಲಿ ಕಾಣಲ್ಲ.

ತುಮಕೂರಿನವರು ಹೇಳಿದ ಬೆಲೆಯ ವಿಷಯಕ್ಕೆ ಬರ್ತೀನಿ. ಆಗ ಪ್ರತಿ ಬ್ಲಾಕಿಗೆ 6.25 ಬಿಟ್‌ಕಾಯಿನ್ ಹೊಸದಾಗಿ ಹುಟ್ಟುತ್ತಿತ್ತು, ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್. 26.9 ಅಂದರೆ ಮುಕ್ಕಾಲು ಗಂಟೆಯ ಬೆಳೆ. ಅದನ್ನು ಸುಟ್ಟು ದರ ಏರಿಸೋದು ಅಂದರೆ ಒಂದು ಚೊಂಬು ನೀರು ಮೊಗೆದು ಕೆಆರ್‌ಎಸ್ ಮಟ್ಟ ಇಳಿಸಿದ ಹಾಗೆ. ಕಪ್ಪುಹಣ ತೊಳೆಯೋದಂತೂ ಅಲ್ಲವೇ ಅಲ್ಲ. ತೊಳೆದ ಮೇಲೆ ಬಟ್ಟೆ ವಾಪಸ್ ಕೈಗೆ ಬರಬೇಕಲ್ಲ ಸರ್. ಜಾಡು ಹಿಡಿದವರು ಆ ಹಣ ಬೈನಾನ್ಸ್ ಎಕ್ಸ್‌ಚೇಂಜಿನ ಕಡೆಯಿಂದ ಬಂದದ್ದು ಅಂತ ತೋರಿಸಿದರು. ಅಡಗಬೇಕಾದವರು ದೊಡ್ಡ ಎಕ್ಸ್‌ಚೇಂಜಿನಿಂದ, ಅದೂ ಪ್ರಪಂಚದಲ್ಲೇ ಅತಿ ಹೆಚ್ಚು ಕಣ್ಣು ನೆಟ್ಟಿರೋ ವಿಳಾಸಕ್ಕೆ ಕಳಿಸೋದಿಲ್ಲ.

ಇನ್ನೊಂದು ಊಹೆ ಆಗ ಓಡಾಡಿತ್ತು. ಹತ್ತು ಸಾವಿರ ಡಾಲರಿಗೂ ಹೆಚ್ಚಿನ ಕ್ರಿಪ್ಟೋ ಪಡೆದವರು ಹದಿನೈದು ದಿನದೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು ಅನ್ನೋ ಅಮೆರಿಕದ ನಿಯಮ ಅದೇ ಜನವರಿ 1ರಿಂದ ಜಾರಿಗೆ ಬರಬೇಕಿತ್ತು. ಸತೋಶಿಗೆ ದುಡ್ಡು ಹಾಕಿ, ಹೆಸರು ಹೇಳು ಇಲ್ಲವೇ ಕಾನೂನು ಮುರಿ ಅಂತ ಸಿಕ್ಕಿಸೋ ಪ್ರಯತ್ನ ಅಂತ ಕೆಲವರು ಅಂದರು. ತಾರೀಕುಗಳು ಹೊಂದುತ್ತವೆ ನಿಜ. ಆದರೆ ಹದಿನೈದು ವರ್ಷ ಸಿಗದ ಮನುಷ್ಯ ಒಂದು ಫಾರಂಗೆ ಹೆದರಿ ಬರ್ತಾನೆ ಅಂತ ಹತ್ತು ಕೋಟಿ ಚೆಲ್ಲುವವರು ಇರ್ತಾರಾ ಅಂತ ನನಗೆ ಅನುಮಾನ. ಮೇಡಂ, ನನ್ನ ಮನಸ್ಸು ನಿಮ್ಮ ಎರಡನೇ ಮಾತಿನ ಕಡೆಗೆ ವಾಲುತ್ತೆ. ಹರಕೆ. ಜನವರಿ 3 ಬಿಟ್‌ಕಾಯಿನ್ ಹುಟ್ಟಿದ ದಿನ, ಹಣ ಹೋದದ್ದು ಎರಡು ದಿನ ಬಿಟ್ಟು. ಆ ವಿಳಾಸಕ್ಕೆ ವರ್ಷಗಳಿಂದ ಜನ ಪುಡಿಗಾಸು ಹಾಕ್ತಾನೇ ಇದ್ದಾರೆ. ಬಿಟ್‌ಕಾಯಿನಿನಿಂದ ಬದುಕು ಬದಲಾದ ಒಬ್ಬರು ಹುಂಡಿಗೆ ದೊಡ್ಡ ಗಂಟು ಹಾಕಿರಬಹುದು. ಇದು ಊಹೆ, ಊಹೆಯಾಗಿಯೇ ತಗೊಳ್ಳಿ.

ಕೈತಪ್ಪಿನ ಬಗ್ಗೆ ಕೇಳಿದಿರಿ. ಅದು ನನಗಾಗಿದೆ. 2018ರಲ್ಲಿ ತಂಗಿ ಕೂಡಿಟ್ಟ ಮೂವತ್ತೆಂಟು ಸಾವಿರ ರೂಪಾಯಿಗೆ ಎಥೀರಿಯಮ್ (ಬಿಟ್‌ಕಾಯಿನ್ ಥರದ ಇನ್ನೊಂದು ಜಾಲ) ಮೇಲಿನ ಒಂದು ಟೋಕನ್ ಕೊಂಡುಕೊಟ್ಟಿದ್ದೆ. ಅವಳ ವಾಲೆಟಿಗೆ ಹಾಕುವಾಗ ಪುಟದ ಮೇಲ್ಭಾಗದಲ್ಲಿದ್ದ ವಿಳಾಸ ನಕಲು ಮಾಡಿ ಅಂಟಿಸಿದೆ. ಅದು ಅವಳದ್ದಲ್ಲ, ಆ ಟೋಕನ್ನಿನ ಕಾಂಟ್ರಾಕ್ಟ್ (ಅದನ್ನು ನಡೆಸೋ ಪ್ರೋಗ್ರಾಂ) ವಿಳಾಸ. ಬಂದದ್ದನ್ನು ವಾಪಸ್ ಕಳಿಸೋ ವ್ಯವಸ್ಥೆ ಆ ಕಾಂಟ್ರಾಕ್ಟಿನಲ್ಲಿ ಇರಲಿಲ್ಲ. ಹಸಿರು ಗುರುತು ಬಿತ್ತು, 'ಯಶಸ್ವಿ' ಅಂತ ಬಂತು. ಟೋಕನ್ ಇವತ್ತಿಗೂ ಅಲ್ಲೇ ಕಾಣುತ್ತೆ. ನನ್ನದರ ಅಕ್ಕಪಕ್ಕ ನೂರಾರು ಜನರದ್ದೂ ಇದೆ. ತಂಗಿ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ಎರಡು ವರ್ಷದಲ್ಲಿ ತೀರಿಸಿದೆ. ಆವತ್ತಿನಿಂದ ಯಾರೇ ಕಳಿಸುವಾಗಲೂ ಮೊದಲ ನಾಲ್ಕು ಅಕ್ಷರ, ನಡುವಿನ ನಾಲ್ಕು, ಕೊನೆಯ ನಾಲ್ಕು ಗಟ್ಟಿಯಾಗಿ ಓದಿಸ್ತೀನಿ, ಮೊದಲು ನೂರು ರೂಪಾಯಿಯಷ್ಟು ಕಳಿಸಿ ತಲುಪಿತಾ ಅಂತ ಕೇಳಿಸ್ತೀನಿ.

ಕುಂದಾಪುರದ ಸಿಎ

ತೆರಿಗೆ ಉಳಿಸೋಕೆ ಸುಡ್ತಾರೆ ಅಂತ ನನ್ನ ಕಕ್ಷಿದಾರರೊಬ್ಬರು ಬಲವಾಗಿ ನಂಬಿದ್ದರು, ಅದಕ್ಕೇ ಇಲ್ಲಿ ಬರೀತಿದ್ದೇನೆ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ಶೇ. 30 ತೆರಿಗೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ನಮ್ಮಲ್ಲಿ ಸುಟ್ಟು ತೆರಿಗೆ ಉಳಿಸೋ ದಾರಿ ಇಲ್ಲ. ದಯವಿಟ್ಟು ಯಾರೂ ಪ್ರಯತ್ನ ಮಾಡಬೇಡಿ.

ತುಮಕೂರು ಟ್ರೇಡರ್

ಮುಕ್ಕಾಲು ಗಂಟೆಯ ಲೆಕ್ಕ ನಾನು ಹಾಕಿ ನೋಡಿರಲಿಲ್ಲ ಸರ್, ಒಪ್ಪಿದೆ. ಆದರೆ ಶಿಬಾ ಇನು ಟೋಕನ್? ಎಥೀರಿಯಮ್ ಕಟ್ಟಿದ ವಿಟಾಲಿಕ್ ಬುಟೆರಿನ್ ಅದನ್ನು ಸುಟ್ಟಾಗ ಬೆಲೆ ಅಲುಗಾಡಿತಲ್ಲ.

ನೋಡ್‌ಮನೆ ಮೈಸೂರು

ಅದು ಬೇರೆಯೇ ಅಳತೆ. ಶಿಬಾ ಹುಟ್ಟುಹಾಕಿದವರು ಒಟ್ಟು ಟೋಕನ್ನಿನ ಅರ್ಧದಷ್ಟನ್ನು ಕೇಳದೆಯೇ ಬುಟೆರಿನ್ ವಿಳಾಸಕ್ಕೆ ಹಾಕಿದ್ದರು. 2021ರ ಮೇ ತಿಂಗಳಲ್ಲಿ ಅವರು ಅದರಲ್ಲಿ 410 ಲಕ್ಷ ಕೋಟಿ ಟೋಕನ್ ಸುಟ್ಟರು. ಎಥೀರಿಯಮ್ ವಿಳಾಸದಲ್ಲಿ ಬರೋದು ಅಂಕಿಗಳು ಮತ್ತು ಎ ಇಂದ ಎಫ್ ವರೆಗಿನ ಅಕ್ಷರ ಮಾತ್ರ. ಅಷ್ಟರಲ್ಲೇ 'ಡೆಡ್' ಅಂತ ಬರೆಯಬಹುದು. ಮೊದಲಿಗೆ 'ಡೆಡ್', ಆಮೇಲೆ ಸಾಲು ಸಾಲು ಸೊನ್ನೆ, ಕೊನೆಗೆ ಬೇರೆ ಅಂಕಿಗಳು. ಅಲ್ಲಿಗೆ ಹೋಯಿತು.

ಆದರೆ ಸರ್, ಸುಟ್ಟದ್ದಕ್ಕಿಂತ ನನಗೆ ನೆನಪಿರೋದು ಅದಕ್ಕೆ ಕೆಲವೇ ದಿನ ಮುಂಚಿನದು. ಅದೇ ಗಂಟಿನಿಂದ 50 ಲಕ್ಷ ಕೋಟಿ ಶಿಬಾ ಭಾರತದ ಒಂದು ಕೋವಿಡ್ ಪರಿಹಾರ ನಿಧಿಗೆ ಬಂತು. ಕಾಗದದ ಮೇಲೆ ನೂರು ಕೋಟಿ ಡಾಲರ್. ಮಾರುವ ಹೊತ್ತಿಗೆ ಬೆಲೆ ಕುಸಿದು ಕೈಗೆ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ, ಆದರೂ ದೊಡ್ಡ ಮೊತ್ತ. ಆ ವಾರ ನನ್ನ ಭಾವ ಒಂದು ಆಕ್ಸಿಜನ್ ಸಿಲಿಂಡರಿಗೆ ಮೈಸೂರೆಲ್ಲ ಸುತ್ತುತ್ತಿದ್ದ. ಯಾರ ಜೇಬಿಗೂ ಬೇಡವಾದ ನಾಣ್ಯಕ್ಕೆ ಎರಡು ದಾರಿ ಇತ್ತು, ಎರಡೂ ಒಂದೇ ವಾಲೆಟಿನಿಂದ ಹೊರಟವು.

ಸುಡುವವರ ಮನಸ್ಸಿನ ಬಗ್ಗೆ ಇನ್ನೊಂದು ಹೇಳಲೇಬೇಕು. 2025ರ ಫೆಬ್ರವರಿಯಲ್ಲಿ ಒಬ್ಬರು 500 ಈಥರನ್ನು (ಎಥೀರಿಯಮ್ ಜಾಲದ ನಾಣ್ಯ) ಸುಡುವ ವಿಳಾಸಕ್ಕೆ ಕಳಿಸಿದರು, ಹತ್ತು ಕೋಟಿ ರೂಪಾಯಿಗೂ ಹೆಚ್ಚು. ಜೊತೆಗೆ ಒಂದು ಸಂದೇಶ ಬರೆದಿದ್ದರು. ಯಂತ್ರಗಳಿಂದ ಜನರ ಮನಸ್ಸನ್ನು ಹಿಡಿತಕ್ಕೆ ತಗೊಂಡು ಹಿಂಸೆ ಕೊಡ್ತಿದ್ದಾರೆ ಅಂತ. ನಾವೆಲ್ಲ ಮೊತ್ತ ನೋಡಿ ಊಹೆಗಳನ್ನು ಹೆಣೆಯುತ್ತಾ ಕೂತಿದ್ದೆವು. ಸಂದೇಶ ಪೂರ್ತಿ ಓದಿದ ಮೇಲೆ ನನಗೆ ಕಂಡದ್ದು ನೋವಿನಲ್ಲಿರೋ ಒಬ್ಬ ಮನುಷ್ಯ. ಯಾರೂ ಕೇಳಿಸಿಕೊಳ್ಳದಿದ್ದಾಗ ಅಳಿಸೋಕಾಗದ ಜಾಗದಲ್ಲಿ ಕೂಗಿಕೊಳ್ಳೋಕೆ ಅವರು ಕೊಟ್ಟ ಬೆಲೆ ಅದು.

ಹಾಸನದ ಕ್ಯಾಶಿಯರ್

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬ ಧನ್ಯವಾದ ಸರ್. ನಿಮ್ಮ ತಂಗಿಯ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಕೌಂಟರಿನಲ್ಲಿ ನನಗೂ ಒಮ್ಮೆ ಐದು ಸಾವಿರ ಹೆಚ್ಚಿಗೆ ಹೋಗಿತ್ತು, ಅದು ಯಾರ ಕೈಗೆ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮದು ಎಲ್ಲಿದೆ ಅಂತ ದಿನಾ ಕಾಣುತ್ತೆ. ಯಾವುದು ಹೆಚ್ಚು ಸಂಕಟ ಅಂತ ಯೋಚಿಸ್ತಾ ಇದ್ದೆ.

ಒಂದೇ ಒಂದು ಅನುಮಾನ ಉಳಿದಿದೆ. ಜೈಪುರದಲ್ಲಿ ತೀರಿಕೊಂಡ ಕೆನಡಾದವರ ಕಥೆ ಓದಿದ್ದೆ. ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿದ್ದು, ಜನರ ದುಡ್ಡೆಲ್ಲ ಒಳಗೇ ಉಳಿಯಿತು ಅಂತ. ಅದು ನಿಮ್ಮ ಮೂರರಲ್ಲಿ ಯಾವ ಥರ?

ನೋಡ್‌ಮನೆ ಮೈಸೂರು

ಮೂರನೇದು ಮೇಡಂ. ಕೀಲಿಕೈ ಇಲ್ಲ ಅಂತ ಯಾರೋ ಹೇಳಿದ್ದು. ಕ್ವಾಡ್ರಿಗಾ ಸಿಎಕ್ಸ್ ಅನ್ನೋ ಎಕ್ಸ್‌ಚೇಂಜಿನ ಜೆರಾಲ್ಡ್ ಕಾಟನ್, 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ತೀರಿಕೊಂಡರು. ಗ್ರಾಹಕರ ಹಣ ಅವರ ಕೋಲ್ಡ್ ವಾಲೆಟಿನಲ್ಲಿ (ಇಂಟರ್ನೆಟ್ಟಿಗೆ ಜೋಡಿಸದ ವಾಲೆಟ್) ಸಿಕ್ಕಿಹಾಕಿಕೊಂಡಿದೆ ಅಂತ ಕಂಪನಿ ಹೇಳಿತು. ನ್ಯಾಯಾಲಯ ನೇಮಿಸಿದ ಲೆಕ್ಕಿಗರು ವಿಳಾಸಗಳನ್ನು ತೆರೆದು ನೋಡಿದರೆ, ಬಹುತೇಕ ವಾಲೆಟ್‌ಗಳು ಅದೇ ವರ್ಷದ ಏಪ್ರಿಲಿನಿಂದಲೇ ಖಾಲಿ. ಆಮೇಲೆ ಒಂಟಾರಿಯೊ ಸೆಕ್ಯುರಿಟೀಸ್ ಕಮಿಷನ್ ಅದನ್ನು ವಂಚನೆ ಅಂತಲೇ ಬರೆಯಿತು.

ಇನ್ನೂ ಒಂದಿದೆ. 2019ರ ಫೆಬ್ರವರಿಯಲ್ಲಿ ಕೈತಪ್ಪಿನಿಂದ ಸುಮಾರು 103 ಬಿಟ್‌ಕಾಯಿನ್ ಆ ಕೋಲ್ಡ್ ವಾಲೆಟ್‌ಗಳಿಗೇ ಹೋಯಿತು. ಕೀ ಯಾರ ಹತ್ತಿರವೂ ಇಲ್ಲ, ಅದೂ ಸತ್ತ ಹಣ ಅಂತ ಎಲ್ಲರೂ ಬರೆದುಕೊಂಡರು. 2022ರ ಡಿಸೆಂಬರಿನಲ್ಲಿ ಆ ಹಣ ಅಲುಗಾಡಿತು. ಯಾರೋ ಕೀ ಹಾಕಿ ತೆಗೆದರು.

ಅದಕ್ಕೇ ನಾನು ಸತೋಶಿಯ ವಿಳಾಸವನ್ನು 'ಸುಟ್ಟ ಹಣ'ದ ಪಟ್ಟಿಗೆ ಸೇರಿಸೋದಿಲ್ಲ. ಮನೆಯ ನೋಡಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟಿದ್ದೀನಿ. ಪ್ರತಿ ಬ್ಲಾಕ್ ಬಂದಾಗಲೂ ಆ ವಿಳಾಸದಿಂದ ಏನಾದರೂ ಹೊರಗೆ ಹೋಯಿತಾ ಅಂತ ನೋಡುತ್ತೆ, ಹೋದರೆ ಗಂಟೆ ಬಾರಿಸುತ್ತೆ. ಅಪ್ಪನಿಗೂ ಹೇಳಿಟ್ಟಿದ್ದೀನಿ, ಆ ಸದ್ದು ಕೇಳಿದರೆ ರಾತ್ರಿ ಎಷ್ಟೊತ್ತಾದರೂ ನನ್ನನ್ನ ಎಬ್ಬಿಸಿ ಅಂತ.